ಸೋರೆ ಬೀಜ: ನಾಟಿಯೋ, ಅರ್ಕಾ ಬಹಾರೋ, ಹೈಬ್ರಿಡ್ಡೋ?

ಅರ್ಧ ಎಕರೆಗೆ ಯಾವ ಸೋರೆ ಬೀಜ ಹಾಕಲಿ ಎಂದು ಕೇಳಿದ್ದೀರಿ. ನಿಮ್ಮ ಕಾಯಿ ಎಲ್ಲಿಗೆ ಹೋಗುತ್ತದೆ ಅನ್ನುವುದರ ಮೇಲೆ ಉತ್ತರ ನಿಂತಿದೆ.

ಮೊದಲು ಇಳುವರಿ. ಹೈಬ್ರಿಡ್ ಅಂದರೆ ಎರಡು ಬೇರೆ ಬೇರೆ ತಳಿಗಳ ಮಗು. ತಂದೆ ತಾಯಿಯ ಗುಣ ದೂರವಿದ್ದು ಚೆನ್ನಾಗಿ ಹೊಂದಿಕೊಂಡರೆ ಬಳ್ಳಿಗೆ ಕಸುವು ಜಾಸ್ತಿ, ಕಾಯಿಗಳೂ ಒಂದೇ ಅಳತೆ. ಆದರೆ ನೀರು, ಗೊಬ್ಬರ, ಚಪ್ಪರ ಸರಿಯಾಗಿ ಕೊಡಬೇಕು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಬಹಾರ್ ನಮ್ಮ ಕರ್ನಾಟಕದ್ದೇ ನಾಟಿ ಸೋರೆಯಿಂದ ಆರಿಸಿದ ತಳಿ. ನೇರ ಕಾಯಿ, ಸುಮಾರು 1 ಕೆಜಿ ತೂಕ, ಹೆಕ್ಟೇರಿಗೆ 40ರಿಂದ 45 ಟನ್. ನಾಟಿಯಲ್ಲಿ ಇಷ್ಟು ಭರವಸೆ ಇಲ್ಲ.

ಖರ್ಚಿನಲ್ಲಿ ಲೆಕ್ಕ ತಿರುಗುತ್ತದೆ. ಹೈಬ್ರಿಡ್ ಬೀಜ ಪ್ರತಿ ಸಲ ಕೊಳ್ಳಬೇಕು. ಎತ್ತಿಟ್ಟು ಬಿತ್ತಿದರೆ ಕಾಯಿ ಒಂದೊಂದು ಒಂದೊಂದು ಥರ. ಉಳಿದೆರಡರ ಬೀಜ ನೀವೇ ಹಿಡಿಯಬಹುದು, ಆದರೆ ಎಚ್ಚರ ಬೇಕು. ಸೋರೆ ಹೂ ಅರಳುವುದು ಸಂಜೆ. ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಪಕ್ಕದ ಹೊಲದ ಪರಾಗ ಸುಲಭವಾಗಿ ಬರುತ್ತದೆ, ಅಲ್ವಾ? ಅದಕ್ಕೆ ಎರಡೂ ಮೊಗ್ಗು ಅರಳುವ ಮೊದಲೇ ಕಟ್ಟಿ, ಸಂಜೆ ಗಂಡು ಹೂವಿನ ಪರಾಗ ಹೆಣ್ಣು ಹೂವಿಗೆ ಕೈಯಿಂದ ಮುಟ್ಟಿಸಿ, ಹೆಣ್ಣು ಹೂ ಮತ್ತೆ ಕಟ್ಟಿ. ಒಂದೇ ಬಳ್ಳಿಯಿಂದ ಬೀಜ ತೆಗೆಯಬೇಡಿ. ಕಹಿ ಕಾಯಿ ಸಿಕ್ಕರೆ ತಿನ್ನಲೂ ಬೇಡಿ, ಅದರ ಬೀಜವೂ ಬೇಡ.

ದೊಡ್ಡ ಮಾರುಕಟ್ಟೆ, ಡ್ರಿಪ್ ಇದ್ದರೆ ಹೈಬ್ರಿಡ್. ಊರ ಸಂತೆ, ಕಡಿಮೆ ಬಂಡವಾಳ ಆದರೆ ಅರ್ಕಾ ಬಹಾರ್. ಹಿತ್ತಲಿಗೆ ನಾಟಿ. ಯಾವುದನ್ನೇ ಹಾಕಿ, ನಾಲ್ಕು ಗುಣಿ ನಾಟಿ ತಳಿಗೆ ಬಿಡಿ. ನಾಳೆಯ ಹೊಸ ತಳಿಗೆ ಬೇಕಾದ ಗುಣ ಅದರಲ್ಲೇ ಇರಬಹುದು.