ಪೆನ್ನು ಮುಟ್ಟದ ಟ್ಯೂಟರ್: ನಮ್ಮ ಇಂಗ್ಲಿಷ್ ಡಿಪಾರ್ಟ್‌ಮೆಂಟಿನ ರೈಟಿಂಗ್ ಸೆಂಟರ್

ಮೊದಲೇ ಹೇಳಿಬಿಡುತ್ತೇನೆ. ಬರೆದದ್ದನ್ನು ಯಾರಾದರೂ ತಿದ್ದಿ ಕೊಡಲಿ ಅಂತ ಕಾಯುತ್ತಿದ್ದರೆ ಈ ರೈಟಿಂಗ್ ಸೆಂಟರ್‌ಗೆ ಹೋಗಬೇಡಿ. ಅದು ವಿದ್ಯಾರ್ಥಿಗಳು ಬರೆದದ್ದನ್ನು ತಂದು ಟ್ಯೂಟರ್ ಜೊತೆ ಕೂತು ಮಾತಾಡುವ ಜಾಗ, ಅಲ್ಲಿ ಯಾರೂ ತಿದ್ದುವುದಿಲ್ಲ. ನಾನೂ ಅದೇ ಆಸೆಯಿಂದ ಹೋಗಿದ್ದೆ, ಮುಖ ಊದಿಸಿಕೊಂಡು ವಾಪಸ್ ಬಂದಿದ್ದೆ. ಆಮೇಲೆ ಮೂರು ವರ್ಷದಲ್ಲಿ ಎಷ್ಟು ಸಲ ಹೋದೆನೋ ಲೆಕ್ಕ ಇಟ್ಟಿಲ್ಲ. ಅವರ ರಿಜಿಸ್ಟರ್‌ನಲ್ಲಿ ನನ್ನ ಸಹಿ ಇಲ್ಲದ ಪುಟ ಕಡಿಮೆ.

ನಾನು ಇಂಗ್ಲಿಷ್ ಬಿಎ ಸೇರಿದ್ದು 29ನೇ ವಯಸ್ಸಿಗೆ. ಅದಕ್ಕೆ ಮೊದಲು ಏಳು ವರ್ಷ ಒಂದು ಆಫೀಸಿನಲ್ಲಿ ಡೇಟಾ ಎಂಟ್ರಿ. ದಿನವಿಡೀ ಇಂಗ್ಲಿಷ್ ಟೈಪ್ ಮಾಡುತ್ತಿದ್ದೆ, ಆದರೆ ಒಂದು ಸಾಲೂ ನನ್ನದಲ್ಲ. ಕ್ಲಾಸಿನ ಹುಡುಗ ಹುಡುಗಿಯರೆಲ್ಲ ಮೊದಲ ದಿನವೇ 'ಅಕ್ಕ' ಅಂದರು. ಕೊನೆಗೆ ಒಬ್ಬ ಮೇಷ್ಟ್ರೂ ಬಾಯಿತಪ್ಪಿ ಹಾಗೇ ಕರೆದುಬಿಟ್ಟರು.

ಮೊದಲ ಅಸೈನ್‌ಮೆಂಟ್ ಷೇಕ್ಸ್‌ಪಿಯರ್‌ನ ಒಂದು ಸಾನೆಟ್ (ಹದಿನಾಲ್ಕು ಸಾಲಿನ ಪದ್ಯ) ಮೇಲೆ. ಅವನ 154 ಸಾನೆಟ್‌ಗಳು ಒಟ್ಟಾಗಿ ಅಚ್ಚಾದದ್ದು 1609ರಲ್ಲಿ. ನನ್ನ ಪಾಲಿಗೆ ಬಂದದ್ದು 130ನೆಯದು. ಮೂರು ರಾತ್ರಿ ಕೂತು ಬರೆದೆ. ಶುರುವಿನಲ್ಲೇ 'ಈ ಪ್ರಬಂಧದಲ್ಲಿ ನಾನು ಪ್ರೀತಿ ಎಂಬ ವಿಷಯವನ್ನು ಚರ್ಚಿಸುತ್ತೇನೆ' ಅನ್ನೋ ಅರ್ಥದ ಒಂದು ಭಾರಿ ವಾಕ್ಯ. ನನಗೆ ಅದು ಬಹಳ ಗಂಭೀರವಾಗಿದೆ ಅನ್ನಿಸಿತ್ತು.

ಟ್ಯೂಟರ್ ಅಂತ ಸಿಕ್ಕಿದ್ದು ಮೂರನೇ ವರ್ಷದ ಹುಡುಗಿ. ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಹಾಳೆ ಕೊಟ್ಟೆ. ಅವಳು ಮೊದಲು ಮಾಡಿದ ಕೆಲಸ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ತನ್ನ ಪೆನ್ನಿನ ಕ್ಯಾಪ್ ಹಾಕಿ, ಮೇಜಿನ ಆ ತುದಿಗೆ, ಕೈಗೆ ಎಟುಕದ ಹಾಗೆ ಇಟ್ಟಳು. ನನ್ನ ಪೆನ್ನನ್ನು ನನ್ನ ಮುಂದೆ ಸರಿಸಿದಳು. ಆಮೇಲೆ, "ಅಕ್ಕ, ಜೋರಾಗಿ ಓದಿ" ಅಂದಳು.

"ನಾನಾ? ನೀವು ಓದಲ್ವಾ?"

"ನೀವೇ ಬರೆದಿರೋದು ಅಲ್ವಾ? ನೀವೇ ಓದಿ, ನಾನು ಕೇಳ್ತೀನಿ."

ಓದಿದೆ. ಎರಡನೇ ಪ್ಯಾರಾದಲ್ಲಿ ಒಂದು ವಾಕ್ಯ ಮುಗಿಯುವ ಮೊದಲೇ ಉಸಿರು ಮುಗಿಯಿತು. ಅವಳು ಏನೂ ಹೇಳಲಿಲ್ಲ. ನಾನೇ ನಿಲ್ಲಿಸಿ ಆ ವಾಕ್ಯದ ಪದ ಎಣಿಸಿದೆ, 61 ಇದ್ದವು. ಇಬ್ಬರೂ ನಕ್ಕೆವು.

ಆಮೇಲೆ ಶುರುವಾಯಿತು ಅವಳ ಪ್ರಶ್ನೆ. "ಪ್ರೀತಿ ಬಗ್ಗೆ ಅಂದ್ರಿ. ಪ್ರೀತಿ ಬಗ್ಗೆ ಏನು?" ಏನೋ ಹೇಳಿದೆ. "ಸರಿ, ಅದ್ರಲ್ಲಿ ಏನು?" ಮತ್ತೇನೋ ಹೇಳಿದೆ. "ಹೂಂ, ಅದು ಪದ್ಯದಲ್ಲಿ ಎಲ್ಲಿದೆ, ತೋರ್ಸಿ." ನನಗೆ ಸಿಟ್ಟೇ ಬಂತು. ಗೊತ್ತಿದ್ದರೆ ಹೇಳಬಾರದೇ? ಆದರೆ ತೋರಿಸಲು ಹೋಗಿ ಮೊದಲ ಸಲ ಆ ಪದ್ಯವನ್ನು ಸರಿಯಾಗಿ ನೋಡಿದೆ. ನನ್ನ ಹುಡುಗಿಯ ಕಣ್ಣು ಸೂರ್ಯನ ಹಾಗಿಲ್ಲ, ತುಟಿ ಹವಳದಷ್ಟು ಕೆಂಪಗಿಲ್ಲ, ಕೂದಲು ಕಪ್ಪು ತಂತಿ ಅಂತ ಹನ್ನೆರಡು ಸಾಲು ಹೀಗೇ ಹೋಗುತ್ತದೆ. ಹದಿಮೂರನೇ ಸಾಲಿನಲ್ಲಿ 'ಆದರೂ' ಅನ್ನುತ್ತಾನೆ. ಉಳಿದಿರುವುದು ಎರಡೇ ಸಾಲು, ಅದರಲ್ಲಿ ಸುಳ್ಳು ಹೋಲಿಕೆಯಿಂದ ಹೊಗಳಿಸಿಕೊಂಡ ಯಾರಿಗೂ ನನ್ನವಳು ಕಡಿಮೆಯಲ್ಲ ಅನ್ನುತ್ತಾನೆ. ಅಂದರೆ ಅವನು ಬೈಯುತ್ತಿರುವುದು ಹುಡುಗಿಯನ್ನಲ್ಲ, ಸುಳ್ಳು ಹೋಲಿಕೆ ಕಟ್ಟುವ ಬೇರೆ ಕವಿಗಳನ್ನು!

ಇದನ್ನು ನಾನು ಕೂಗಿದ ಹಾಗೆಯೇ ಹೇಳಿದೆ ಅನ್ನಿಸುತ್ತದೆ. ಪಕ್ಕದ ಮೇಜಿನವರು ತಿರುಗಿ ನೋಡಿದರು. ಅವಳು, "ಇದೇ ನಿಮ್ಮ ಥೀಸಿಸ್, ಪ್ರಬಂಧದ ಮುಖ್ಯ ವಾದ. ಮರೆಯೋಕೆ ಮುಂಚೆ ಬರ್ಕೊಳ್ಳಿ" ಅಂದಳು. ಗಡಿಯಾರ ನೋಡಿದರೆ ನಲವತ್ತು ನಿಮಿಷ ಆಗಿತ್ತು. ಸ್ಲಾಟ್ ಮುಗಿಯಿತು. ಸ್ಪೆಲಿಂಗ್ ತಪ್ಪು ಒಂದೂ ತಿದ್ದಲಿಲ್ಲ. ಮುಖ ಊದಿಸಿಕೊಂಡು ಬಂದೆ ಅಂದೆನಲ್ಲ, ಅದು ಇದಕ್ಕೇ. ಮನೆಗೆ ಬಂದು ಎಲ್ಲ ಹರಿದು ಹೊಸದಾಗಿ ಬರೆದೆ.

ಇದು ಅವಳೊಬ್ಬಳ ಹಟ ಅಂದುಕೊಂಡಿದ್ದೆ. ಅಲ್ಲ, ಅಲ್ಲಿನ ಪದ್ಧತಿಯೇ ಹಾಗೆ. ಬರಹವನ್ನಲ್ಲ, ಬರೆಯುವವರನ್ನು ಸುಧಾರಿಸಬೇಕು ಅನ್ನುವುದು 1984ರಲ್ಲಿ ಸ್ಟೀಫನ್ ನಾರ್ತ್ ಅನ್ನುವವರು ರೈಟಿಂಗ್ ಸೆಂಟರ್‌ಗಳ ಬಗ್ಗೆ ಬರೆದ ಲೇಖನದ ಸಾರ. ಟ್ಯೂಟರ್ ಆಗುವವರಿಗೆಲ್ಲ ಅದನ್ನು ಓದಿಸುತ್ತಾರೆ. ಮೂರನೇ ವರ್ಷದಲ್ಲಿ ನಾನೇ ಟ್ಯೂಟರ್ ಆದಾಗ ನನಗೂ ಓದಿಸಿದರು. ಪೆನ್ನು ದೂರ ಇಡುವುದು ಎಷ್ಟು ಕಷ್ಟ ಅಂತ ಆಗ ಗೊತ್ತಾಯಿತು. ಎದುರಿಗೆ ತಪ್ಪು ಕಾಣುತ್ತಾ ಇರುತ್ತದೆ, ಕೈ ತುರಿಸುತ್ತದೆ.

ವ್ಯಾಕರಣಕ್ಕೆ ಅವರು ಸಹಾಯ ಮಾಡುವುದೇ ಇಲ್ಲ ಅಂತಲ್ಲ. ಒಂದು ಸಲಕ್ಕೆ ಒಂದೇ ತಪ್ಪನ್ನು ಹಿಡಿಯುತ್ತಾರೆ. ನನ್ನದು 'ಎ', 'ಆನ್', 'ದಿ'. ಕನ್ನಡದಲ್ಲಿ ಅದು ಇಲ್ಲವೇ ಇಲ್ಲ, ಹಾಗಾಗಿ ನಾನು ಉಪ್ಪು ಉದುರಿಸಿದ ಹಾಗೆ ಅಂದಾಜಿನಲ್ಲಿ ಉದುರಿಸುತ್ತಿದ್ದೆ. ಇನ್ನೊಬ್ಬ ಟ್ಯೂಟರ್, ಕನ್ನಡದ ಹುಡುಗ, ಕಥೆ ಶುರು ಮಾಡಿದ. "ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ... ಅಕ್ಕ, ಮೊದಲು 'ಒಬ್ಬ' ಅಂದೆ. ಆಮೇಲೆ 'ಆ' ಅಂದೆ. ಯಾಕೆ?" ಮೊದಲ ಸಲ ಕೇಳುವವರಿಗೆ ರಾಜ ಹೊಸಬ. ಎರಡನೇ ಸಲ ಗೊತ್ತಿರುವವನು. 'ಎ' ಮತ್ತು 'ದಿ' ನನಗೆ ಅರ್ಥವಾದದ್ದು ಆ ಐದು ನಿಮಿಷದಲ್ಲಿ. ಎಲ್ಲ ಕಡೆ ಈ ಸೂತ್ರ ನಡೆಯಲ್ಲ, ನಿಜ. ಆದರೆ ನನ್ನ ಅರ್ಧ ತಪ್ಪು ಅಲ್ಲಿಗೇ ಹೋಯಿತು. 'ಅವರ್' (hour) ಹಿಂದೆ 'ಆನ್', 'ಯೂನಿವರ್ಸಿಟಿ' (university) ಹಿಂದೆ 'ಎ' ಯಾಕೆ ಅನ್ನುವುದನ್ನೂ ಅವನೇ ಹೇಳಿದ. ಅಕ್ಷರ ನೋಡಬೇಡಿ, ಬಾಯಲ್ಲಿ ಬರುವ ಶಬ್ದ ಕೇಳಿ ಅಂತ.

ಇನ್ನೊಂದು ಸಲ ಪ್ಲೇಜಿಯರಿಸಂ (ಬರಹದ ಕಳ್ಳತನ) ಸಾಫ್ಟ್‌ವೇರ್ ನನ್ನ ಪ್ರಬಂಧಕ್ಕೆ 27 ಪರ್ಸೆಂಟ್ ಹೊಂದಿಕೆ ತೋರಿಸಿತು. ಕೈಕಾಲು ತಣ್ಣಗಾದವು. ಟ್ಯೂಟರ್ ರಿಪೋರ್ಟ್ ತೆರೆದು, ಬಣ್ಣ ಬಂದಿರುವ ಒಂದೊಂದು ಸಾಲನ್ನೂ ತೋರಿಸಿದ. ಹೆಚ್ಚಿನವು ಉದ್ಧರಣ ಚಿಹ್ನೆಯೊಳಗೆ ಇದ್ದ ಪದ್ಯದ ಸಾಲುಗಳು. ಉಳಿದದ್ದು ಕೊನೆಯ ಗ್ರಂಥಪಟ್ಟಿ. ಸಾಫ್ಟ್‌ವೇರ್ ಹೋಲುವ ಪದ ಹುಡುಕುತ್ತದೆ, ಕಳ್ಳತನ ಹುಡುಕಲ್ಲ. ಕಳ್ಳತನ ಹೌದೋ ಅಲ್ಲವೋ ಅಂತ ಮನುಷ್ಯರೇ ನೋಡಿ ಹೇಳಬೇಕು. ಆದರೆ ಮೂರು ಸಾಲು ಮಾತ್ರ ನಿಜಕ್ಕೂ ನನ್ನ ತಪ್ಪು. ಪುಸ್ತಕದ ವಾಕ್ಯವನ್ನು ಅಲ್ಲೊಂದು ಇಲ್ಲೊಂದು ಪದ ಬದಲಿಸಿ ಬರೆದಿದ್ದೆ. ಅವನು ಸುಮ್ನೆ ಬಿಡಲಿಲ್ಲ. ಪುಸ್ತಕ ಮುಚ್ಚಿಸಿ, ಅರ್ಥ ಬಾಯಲ್ಲಿ ಹೇಳಿಸಿ, ಹೇಳಿದ್ದನ್ನೇ ಬರೆಸಿದ.

ಚಾಟ್‌ಬಾಟ್‌ನಿಂದ ಬರೆಸಿಕೊಂಡು ಬರುವವರ ಕಥೆಯೂ ಇದೆ. ಕ್ಲಾಸಿನ ಹುಡುಗನೊಬ್ಬ ನಾಲ್ಕು ಆಕರ ಹಾಕಿಕೊಂಡು ಬಂದ. ಒಂದರಲ್ಲಿ ಪತ್ರಿಕೆಯ ಹೆಸರು, ಸಂಪುಟ, ಪುಟ ಎಲ್ಲ ಇದೆ. ಟ್ಯೂಟರ್ ಲೈಬ್ರರಿ ಡೇಟಾಬೇಸ್‌ನಲ್ಲಿ ಆ ಸಂಪುಟ ತೆರೆದಳು. ಆ ಪುಟದಲ್ಲಿ ಬೇರೆ ಯಾರೋ ಬೇರೆ ಯಾವುದೋ ವಿಷಯದ ಮೇಲೆ ಬರೆದ ಲೇಖನ ಇತ್ತು. ಹುಡುಗ ತಲೆ ಎತ್ತಲಿಲ್ಲ. ಅವಳು ಬೈಯಲೂ ಇಲ್ಲ, ಲೇಖನ ಹುಡುಕುವುದು ಹೇಗೆ ಅಂತ ಅಲ್ಲಿಂದಲೇ ಶುರು ಮಾಡಿದಳು.

ವಾರಕ್ಕೊಮ್ಮೆ ಸಂಜೆ ನಾಟಕ ಓದುವ ಗುಂಪು ಇದೆ. ಅಂಕ ಇಲ್ಲ, ಹಾಜರಿ ಇಲ್ಲ, ಅದಕ್ಕೇ ಚೆನ್ನಾಗಿದೆ. ಪಾತ್ರ ಹಂಚಿಕೊಂಡು ಓದುತ್ತೇವೆ. ನನಗೆ ಯಾವಾಗಲೂ ಸೇವಕನ ಪಾತ್ರ, 'ಬಂದೆ ಒಡೆಯ' ಅನ್ನುವುದಷ್ಟೇ ಕೆಲಸ. ಒಂದು ದಿನ ಜೂಲಿಯೆಟ್ ಓದುತ್ತಿದ್ದ ಹುಡುಗಿ 'ವೇರ್‌ಫೋರ್' ಬಂದ ತಕ್ಷಣ ಹಣೆಗೆ ಕೈ ಅಡ್ಡ ಇಟ್ಟು ಆ ಕಡೆ ಈ ಕಡೆ ಹುಡುಕಿದಳು. ಮೇಡಂ ನಗು ತಡೆದುಕೊಂಡು ನಿಲ್ಲಿಸಿದರು. 'ವೇರ್‌ಫೋರ್' ಅಂದರೆ ಎಲ್ಲಿ ಅಂತಲ್ಲ, ಯಾಕೆ ಅಂತ. ನೀನ್ಯಾಕಪ್ಪಾ ರೋಮಿಯೋ ಆದೆ, ಬೇರೆ ಹೆಸರಿನವನಾಗಿದ್ದರೆ ಏನಾಗುತ್ತಿತ್ತು ಅನ್ನೋ ಸಂಕಟ ಅದು. ಆವತ್ತು ಆಕ್ಸ್‌ಫರ್ಡ್ ಡಿಕ್ಷನರಿಯಲ್ಲಿ ಪದಗಳ ಹಳೇ ಅರ್ಥ ನೋಡುವ ಹುಚ್ಚು ಹತ್ತಿತು. ಅದರ ಮೊದಲ ಕಂತು ಬಂದದ್ದು 1884ರಲ್ಲಿ, ಪೂರ್ತಿಯಾದದ್ದು 1928ರಲ್ಲಿ. 'ನೈಸ್' ಅಂದರೆ ಒಂದು ಕಾಲಕ್ಕೆ ದಡ್ಡ ಅಂತ ಅರ್ಥ ಇತ್ತಂತೆ. ಆಮೇಲೆ ನನ್ನನ್ನು ಯಾರಾದರೂ ನೈಸ್ ಅಂದರೆ ಒಂದು ಕ್ಷಣ ಯೋಚಿಸುತ್ತೇನೆ.

ಇನ್ನು ದೂರುಗಳು.

ಸ್ಲಾಟ್ ಸಿಗುವುದೇ ಕಷ್ಟ. ಸೆಮಿಸ್ಟರ್ ಶುರುವಿನಲ್ಲಿ ಟ್ಯೂಟರ್‌ಗಳು ನೊಣ ಹೊಡೆಯುತ್ತಾ ಕೂತಿರುತ್ತಾರೆ. ಕೊನೆಯ ಎರಡು ವಾರ ಕಾರಿಡಾರ್ ತುಂಬ ಜನ. ಡೆಡ್‌ಲೈನ್‌ಗಿಂತ ಹತ್ತು ದಿನ ಮೊದಲು ಹೋದರೆ ಮಾತ್ರ ಪ್ರಯೋಜನ, ಹಿಂದಿನ ದಿನ ಹೋದರೆ ಸಮಾಧಾನ ಅಷ್ಟೇ ಸಿಗುತ್ತದೆ. ಡಿಕ್ಷನರಿಯ ಆನ್‌ಲೈನ್ ಲಾಗಿನ್ ಮನೆಯಿಂದ ಕೆಲಸ ಮಾಡಲ್ಲ, ಮೂರು ವರ್ಷದಿಂದ 'ಸರಿ ಮಾಡ್ತಿದ್ದೀವಿ'. ಮೇಷ್ಟ್ರುಗಳ ಆಫೀಸ್ ಅವರ್ ಅವರವರ ಪುಣ್ಯ. ಒಬ್ಬ ಮೇಡಂ ಬಾಗಿಲು ಯಾವಾಗಲೂ ತೆರೆದಿರುತ್ತದೆ. ಅಂಚಿನಲ್ಲಿ ಪೆನ್ಸಿಲ್‌ನಿಂದ 'ಹೌದಾ? ಎಲ್ಲಿ?' ಅಂತ ಬರೆದು ಕೊಡುತ್ತಾರೆ, ಆ ಎರಡು ಪದಕ್ಕೆ ಎರಡು ದಿನ ಕೂರಬೇಕು. ಇನ್ನೊಬ್ಬರು ನನ್ನ ಅಸೈನ್‌ಮೆಂಟ್ ವಾಪಸ್ ಕೊಟ್ಟದ್ದು ಪರೀಕ್ಷೆ ಮುಗಿದ ಮೇಲೆ. ಅದರಲ್ಲಿ ಟಿಕ್ ಬಿಟ್ಟು ಬೇರೇನೂ ಇರಲಿಲ್ಲ.

ನನ್ನ ಹೊಟ್ಟೆ ಉರಿಸಿದ್ದು ಮಾತ್ರ ಗೋಡೆಯ ಮೇಲಿನ ಒಂದು ಹಾಳೆ. ಸೆಂಟರ್ ಬಾಗಿಲ ಪಕ್ಕದಲ್ಲಿ ಎಂಎಲ್‌ಎ (ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್) ಪದ್ಧತಿಯಲ್ಲಿ ಆಕರ ಬರೆಯುವುದು ಹೇಗೆ ಅಂತ ಅಂಟಿಸಿದ್ದಾರೆ. ಮೊದಲ ವರ್ಷ ಅದನ್ನು ನೋಡಿಕೊಂಡು ಅಚ್ಚುಕಟ್ಟಾಗಿ ಬರೆದೆ. ಪ್ರತಿ ಆಕರದ ಕೊನೆಗೂ 'ಪ್ರಿಂಟ್' ಅಥವಾ 'ವೆಬ್' ಅಂತ ಹಾಕಿದೆ. ಎರಡು ಅಂಕ ಹೋಯಿತು. ಕೇಳಿದರೆ, ಅದು 2009ರ ಏಳನೇ ಆವೃತ್ತಿಯ ನಿಯಮ, 2016ರ ಎಂಟನೆಯದರಲ್ಲೇ ಕೈಬಿಟ್ಟಿದ್ದಾರೆ, ಈಗ 2021ರ ಒಂಬತ್ತನೆಯದು ನಡೆಯುತ್ತಿದೆ ಅಂದರು. ಹಾಳೆ ಅಂಟಿಸಿದ್ದೂ ಡಿಪಾರ್ಟ್‌ಮೆಂಟೇ, ಅಂಕ ಕಳೆದದ್ದೂ ಡಿಪಾರ್ಟ್‌ಮೆಂಟೇ. ಹೋಗಿ ಹೇಳಿದೆ. 'ಹೌದಲ್ಲಾ, ಬದಲಿಸಬೇಕು' ಅಂದರು. ಟ್ಯೂಟರ್ ಆದಾಗ ಮತ್ತೆ ಹೇಳಿದೆ. ಹೊಸದು ಪ್ರಿಂಟ್ ಹಾಕಿಸಿಯೂ ಕೊಟ್ಟೆ, ಅದು ಯಾವ ಡ್ರಾಯರ್‌ನಲ್ಲಿದೆಯೋ.

ಐದಕ್ಕೆ ನಾಲ್ಕು ಸ್ಟಾರ್. ಕಡಿಮೆಯಾದ ಒಂದು ಆ ಹಾಳೆಯದ್ದು. ಹೋದ ವಾರ ಸರ್ಟಿಫಿಕೇಟ್ ತರಲು ಹೋದಾಗ ನೋಡಿದೆ, ಇನ್ನೂ ಅಲ್ಲೇ ಇದೆ. 'ಪ್ರಿಂಟ್' ಅನ್ನುವ ಪದಗಳ ಮೇಲೆಲ್ಲ ಯಾರೋ ಪೆನ್ಸಿಲ್‌ನಿಂದ ಗೀಟು ಎಳೆದಿದ್ದಾರೆ. ನಾನಲ್ಲ.