ಮದ್ವೆ ಕಾರ್ಡು, ಡೆಕೊರೇಶನ್ನು ಎಲ್ಲಾ ಪೇಪರಲ್ಲಿ ಮನೇಲೇ ಮಾಡ್ತೀವಿ ಅನ್ನೋರು ಒಂದ್ಸಲ ಇದನ್ನ ಓದ್ಬಿಡಿ

ಇದನ್ನ ಬರೀಬೇಕು ಅಂತ ಎಷ್ಟೋ ದಿನದಿಂದ ಇತ್ತು, ನಾಚಿಕೆ ಆಗಿ ಸುಮ್ನಿದ್ದೆ. ಮೊನ್ನೆ ಆಫೀಸಲ್ಲಿ ಒಬ್ಳು ಹುಡುಗಿ "ಅಕ್ಕಾ, ನನ್ನ ಮದ್ವೆ ಕಾರ್ಡು ನಾನೇ ಪ್ರಿಂಟ್ ಹಾಕ್ಕೋತೀನಿ, ತಾಂಬೂಲದ ಚೀಲಾನೂ ಪೇಪರ್ದೇ ಮಾಡ್ತೀನಿ" ಅಂದ್ಳು, ನನಗೆ ಎದೆ ಧಸಕ್ಕಂತು. ಅವಳಿಗೆ ಬಾಯಲ್ಲಿ ಹೇಳಿದೆ, ನಂಬಿದ ಹಾಗೆ ಕಾಣ್ಲಿಲ್ಲ. ಅದಕ್ಕೆ ಪೂರ್ತಿ ಬರೀತಿದೀನಿ, ಉದ್ದ ಆಗುತ್ತೆ, ತಡ್ಕೊಳ್ಳಿ.

2025ರ ಮೇ ತಿಂಗಳಲ್ಲಿ ನನ್ನ ತಂಗಿ ಮದ್ವೆ. ನಮ್ಮೂರು ಸಾಗರದ ಹತ್ರ, ಮದ್ವೆ ಸಾಗರದಲ್ಲೇ, ನಾನು ಇರೋದು ಬೆಂಗ್ಳೂರು. ಇಲ್ಲಿನ ಸುಲ್ತಾನ್ ಪೇಟೆ ಕಾರ್ಡಿನ ಅಂಗಡೀಲಿ ಅರ್ಧ ದಿನ ಸುತ್ತಿದ್ವಿ, ಇಷ್ಟ ಆದ ಕಾರ್ಡು ಒಂದಕ್ಕೆ 32 ರೂಪಾಯಿ, 400 ಬೇಕು, ಅಲ್ಲಿಗೆ 12,800. ತಂಗಿ ಮೊಬೈಲ್ ತೆಗ್ದು ಯಾವ್ದೋ ರೀಲ್ ತೋರ್ಸಿದ್ಲು, ಒಬ್ಳು ಹುಡುಗಿ ಕೈಯಲ್ಲೇ ಕಾರ್ಡು, ಹೂವು, ಬ್ಯಾಗು ಎಲ್ಲಾ ಮಾಡಿ ಎಂಥ ಚಂದ ಮದ್ವೆ ಮಾಡ್ಕೊಂಡಿದಾಳೆ. ನನಗೆ ಮೊದ್ಲಿಂದ ಕೈಕೆಲಸದ ಹುಚ್ಚು, ಮನೇಲಿ ಇಂಕ್ ಟ್ಯಾಂಕ್ ಪ್ರಿಂಟರ್ ಬೇರೆ ಇದೆ. "ಅಷ್ಟು ದುಡ್ಡು ಯಾಕೆ ಸುರೀತೀಯ, ನಾ ಮಾಡ್ಕೊಡ್ತೀನಿ ಬಿಡು" ಅಂದೆ. ಈ ಒಂದು ಮಾತು ಆಡದೇ ಇದ್ದಿದ್ರೆ ಈ ಬರಹಾನೇ ಇರ್ತಿರ್ಲಿಲ್ಲ.

ಆ ರೀಲಲ್ಲಿ ಇಲ್ಲದೇ ಇರೋದು ಏನು ಗೊತ್ತಾ? ನೀರು. ನಮ್ಮ ಮದ್ವೇಲಿ ಒಣಗಿರೋದು ಅಂತ ಏನಾದ್ರೂ ಇದ್ಯಾ ಹೇಳಿ. ಅರಿಶಿನ ಕಲಸೋದು, ಕಾಲು ತೊಳ್ಯೋದು, ಧಾರೆ ಎರ್ಯೋದು, ತೊಳೆದ ಕಾಯಿ, ತೊಳೆದ ಎಲೆ, ಊಟ ಬಡಿಸೋ ಕಡೆಯಂತೂ ನೆಲಾನೇ ಒದ್ದೆ. ಇದರ ಮಧ್ಯೆ ನಾನು ತಗೊಂಡೋಗಿ ಇಟ್ಟಿದ್ದು ಪೇಪರ್ರು.

ಮೊದ್ಲು ಕಾರ್ಡಿನ ವಿಷ್ಯ. ದಪ್ಪ ಇದ್ರೆ ಗ್ರ್ಯಾಂಡಾಗಿರುತ್ತೆ ಅಂತ 300 ಜಿಎಸ್ಎಂ ಹಾಳೆ ತಂದೆ. ಜಿಎಸ್ಎಂ ಅಂದ್ರೆ ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತೆ ಅನ್ನೋ ಲೆಕ್ಕ. ನಾವು ಮಾಮೂಲಿ ಜೆರಾಕ್ಸ್ ಮಾಡ್ಸೋ ಹಾಳೆ 70-80 ಜಿಎಸ್ಎಂ ಅಷ್ಟೆ. ಮನೆ ಪ್ರಿಂಟರಲ್ಲಿ ಹಾಳೆ ಮುಂದಿಂದ ಹೋಗಿ ಒಳಗೆ ಬಾಗಿ ವಾಪಸ್ ಬರೋ ಮಾಡೆಲ್ ಇದ್ರೆ ದಪ್ಪ ಹಾಳೆ ಬಾಗಲ್ಲ, ಸಿಕ್ಕಾಕ್ಕೊಳುತ್ತೆ. ಮೂರನೇ ಹಾಳೆಗೇ ಕರ್ರ್ ಅಂತು. ಎಳೆದೆ, ಅರ್ಧ ಕೈಗೆ ಬಂತು, ಇನ್ನರ್ಧ ಒಳಗೇ ಉಳೀತು. ಸರ್ವೀಸಿನವನು ಬಂದು ಬಿಚ್ಚಿ 1,800 ತಗೊಂಡು ಹೋದ. ಆಮೇಲೆ 200 ಜಿಎಸ್ಎಂಗೆ ಇಳ್ಸಿದೆ, ಒಂದೊಂದೇ ಹಾಳೆ ಕೈಯಲ್ಲಿ ಕೊಟ್ಕೊಂಡು, ಆಫೀಸಿಂದ ಬಂದ್ಮೇಲೆ ರಾತ್ರಿ ಹನ್ನೆರಡರ ತನಕ, ಹನ್ನೊಂದು ದಿನ ಕೂತು ಮುಗಿಸ್ದೆ.

ಅದಕ್ಕೂ ಮುಂಚೆ ಅಕ್ಷರದ ಗೋಳು ಒಂದಿತ್ತು. ಅಪ್ಪ ಊರಲ್ಲಿ ಡಿಟಿಪಿ ಮಾಡೋರ ಹತ್ರ ಒಕ್ಕಣೆ ಟೈಪ್ ಮಾಡ್ಸಿ ಕಳ್ಸಿದ್ರು, ಅದು ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಆಸ್ಕಿ ಫಾಂಟು, ಅಂದ್ರೆ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡ ಕೂರ್ಸಿರೋದು. ನನ್ನ ಡಿಸೈನ್ ಆಪಲ್ಲಿ ಪೇಸ್ಟ್ ಮಾಡಿದ್ರೆ ಇಂಗ್ಲಿಷ್ ಅಕ್ಷರಕ್ಕೆ ಕೊಂಬು ಬಾಲ ಬಂದ ಹಾಗೆ ಏನೇನೋ ಕಾಣ್ಸುತ್ತೆ. ಸರಿ, ಈಗ ಮೊಬೈಲಲ್ಲೆಲ್ಲಾ ಬಳಸೋ ಯೂನಿಕೋಡಲ್ಲಿ ನಾನೇ ಮತ್ತೆ ಟೈಪ್ ಮಾಡ್ದೆ, ಅದನ್ನ ಫೋಟೋಶಾಪಿಗೆ ಹಾಕಿದ್ರೆ ಒತ್ತಕ್ಷರ ಎಲ್ಲಾ ಎದ್ದು ಪಕ್ಕಕ್ಕೆ ಬಂದು ಕೂತ್ವು. ವಿಶ್ವಾವಸು ಸಂವತ್ಸರ ಅಂತಿದ್ದಿದ್ದು "ವಿಶ್‌ವಾವಸು ಸಂವತ್‌ಸರ" ಆಗೋಯ್ತು. ಮುಹೂರ್ತದ ಅರ್ಕಾವತ್ತೂ ಹಾಗೇ. ಅದಕ್ಕೆ ಪ್ಯಾರಾಗ್ರಾಫ್ ಸೆಟ್ಟಿಂಗಲ್ಲಿ ವರ್ಲ್ಡ್-ರೆಡಿ ಅಂತ ಶುರುವಾಗೋ ಒಂದು ಆಯ್ಕೆ ಇದೆ, ಅದನ್ನ ಒತ್ತಿದ್ರೆ ಕನ್ನಡ ಸರಿಯಾಗಿ ಕೂರುತ್ತೆ. ನನಗೆ ಇದು ಗೊತ್ತಾಗಿದ್ದು ಎರಡು ರಾತ್ರಿ ಕಳೆದ್ಮೇಲೆ, ಅದೂ ಎಲ್ಲಾ ಕಡೆ ಒತ್ತಲಿಲ್ಲ. "ಸುಖಾಗಮನ ಬಯಸುವವರು" ಅನ್ನೋದರ ಕೆಳಗಿನ ಹೆಸರುಗಳು ಬೇರೆ ಡಬ್ಬಿಯಲ್ಲಿ ಇದ್ವು, ಅಲ್ಲಿ ನೋಡೋದೇ ಬಿಟ್ಟೋಯ್ತು. ದೊಡ್ಡಪ್ಪನ ಹೆಸರಲ್ಲಿ ಎರಡು ಒತ್ತು, ಎರಡೂ ಒಡೆದು ಹಾಗೇ ಪ್ರಿಂಟಾಗಿತ್ತು. ಕಾರ್ಡಲ್ಲಿ ಹೆಸರು ಮೇಲೆ ಕೆಳಗೆ ಆದ್ರೇನೇ ಮಾತು ಬಿಡೋ ಮನೆ ನಮ್ದು, ಇನ್ನು ಹೆಸರೇ ಮುರಿದು ಬಿದ್ರೆ ಕೇಳ್ಬೇಕಾ.

ಆದ್ರೆ ಅದ್ಯಾವುದೂ ದೊಡ್ಡದಲ್ಲ. ದೊಡ್ಡದು ಆಗಿದ್ದು ದೇವರ ಮುಂದೆ.

ಎರಡು ರಟ್ಟಿನ ಪೆಟ್ಟಿಗೇಲಿ ಕಾರ್ಡು ತುಂಬ್ಕೊಂಡು ರಾತ್ರಿ ಬಸ್ಸಲ್ಲಿ ಊರಿಗೆ ಹೋದೆ. ಬೆಳಿಗ್ಗೆ ಸ್ನಾನ ಮಾಡಿ ಮೊದಲನೇ ಕಾರ್ಡು ದೇವರಿಗೆ ಇಡ್ಬೇಕು. ಅಮ್ಮ ಬಟ್ಟಲಲ್ಲಿ ಅರಿಶಿನಕ್ಕೆ ನಾಲ್ಕು ಹನಿ ನೀರು ಹಾಕಿ ಕಲಸಿ, ಉಂಗುರದ ಬೆರಳಲ್ಲಿ ಕಾರ್ಡಿನ ನಾಲ್ಕು ಮೂಲೆಗೆ ಹಚ್ಚಿದ್ಲು. ಮೇಲಿನ ಎರಡು ಮೂಲೆ ಏನಾಗ್ಲಿಲ್ಲ, ಅಲ್ಲಿ ಬರೀ ಹಾಳೆ. ಕೆಳಗಿನ ಬಲಗಡೆ ಮೂಲೇಲಿ ನಾನು ಸ್ಟೈಲಾಗಿರ್ಲಿ ಅಂತ ಮರೂನ್ ಬಣ್ಣದಲ್ಲಿ ಮುಹೂರ್ತದ ಟೈಮು ಹಾಕಿದ್ದೆ. ಬೆರಳು ತಾಗಿದ್ದೇ ತಡ, ಮರೂನು ಹಳದಿ ಒಳಗೆ ಇಳೀತು, ಒಂಥರಾ ಕಾವಿ ನೀರು ಹರಿದ ಹಾಗೆ, 11.05 ಇದ್ದಿದ್ದು ಬರೀ ಮಸಿ. ಅಮ್ಮ ಏನೂ ಮಾತಾಡ್ಲಿಲ್ಲ. ಇನ್ನೊಂದು ಕಾರ್ಡು ತಗೊಂಡ್ಲು, ಬೆರಳನ್ನ ಸೆರಗಿಗೆ ಒರೆಸ್ಕೊಂಡು ಈ ಸಲ ಒಣ ಅರಿಶಿನ ಮುಟ್ಟಿಸಿದ್ಲು, ಅದು ನಿಲ್ಲದೆ ಉದುರಿ ಹೋಯ್ತು. ಹಿಂದೆ ನಿಂತಿದ್ದ ಅತ್ತೆ ಮಾತ್ರ "ಮುಹೂರ್ತನೇ ಅಳಿಸಿ ಹೋಯ್ತಲ್ಲೇ ಮಾರಾಯ್ತಿ" ಅಂದ್ರು. ಆ ಮಾತು ಇವತ್ತಿಗೂ ಕಿವೀಲಿದೆ.

ಯಾಕೆ ಹೀಗಾಯ್ತು ಅಂತ ಆಮೇಲೆ ಸಾಗರದ ಪ್ರೆಸ್ಸಿನವರು ಹೇಳಿದ್ರು. ಮನೆ ಇಂಕ್‌ಜೆಟ್ಟಿನ ಬಣ್ಣದ ಇಂಕು ಸಾಮಾನ್ಯವಾಗಿ ನೀರಲ್ಲಿ ಕರಗೋ ಡೈ. ಎಷ್ಟೋ ಮಾಡೆಲಲ್ಲಿ ಕಪ್ಪು ಮಾತ್ರ ಪಿಗ್ಮೆಂಟು, ಅಂದ್ರೆ ನೀರಲ್ಲಿ ಕರಗದ ಪುಡಿ ಬಣ್ಣ, ಅದು ಅಷ್ಟು ಸುಲಭಕ್ಕೆ ಹರಡಲ್ಲ. ಇನ್ನೊಂದು ಮಜಾ ಕೇಳಿ, ದಪ್ಪ ಹಾಳೆ ಅಂತ ನಾನು ಸೆಟ್ಟಿಂಗಲ್ಲಿ ಫೋಟೋ ಪೇಪರ್ ಅಂತ ಕೊಟ್ಟಿದ್ದೆ, ಹಾಗೆ ಕೊಟ್ರೆ ಕೆಲವು ಪ್ರಿಂಟರ್ ಆ ಪಿಗ್ಮೆಂಟ್ ಕಪ್ಪನ್ನ ಮುಟ್ಟೋದೇ ಇಲ್ಲ, ಮಿಕ್ಕ ಬಣ್ಣ ಕಲಸಿ ಕಪ್ಪು ಮಾಡುತ್ತಂತೆ. ಅಂದ್ರೆ ಕಪ್ಪು ಅಕ್ಷರಾನೂ ನಂಬೋ ಹಾಗಿಲ್ಲ. 400 ಕಾರ್ಡಿಗೂ ಅರಿಶಿನ ಕುಂಕುಮ ಹಚ್ಚದೇ ಹಂಚೋದಾ? ಯಾರೂ ಒಪ್ಪಲ್ಲ. ತಂಗಿ ಪಾಪ, ಪ್ರತಿ ಕಾರ್ಡಿಗೂ ಪ್ಲಾಸ್ಟಿಕ್ ಹಾಳೆ ಸುತ್ತೋಣ ಅಂದ್ಲು, ಅದೂ ಆಗಲ್ಲ, 2022ರ ಜುಲೈ 1ರಿಂದ ದೇಶಪೂರ್ತಿ ಬ್ಯಾನ್ ಆಗಿರೋ ಪಟ್ಟೀಲಿ ಆಹ್ವಾನ ಪತ್ರಿಕೆಗೆ ಸುತ್ತೋ ಪ್ಲಾಸ್ಟಿಕ್ಕೂ ಇದೆ, ಡೆಕೊರೇಶನ್ ಥರ್ಮಾಕೋಲೂ ಇದೆ. ಸುಮ್ನೆ ಅದೇ ಪ್ರೆಸ್ಸಲ್ಲಿ, ನೀರಿಗೆ ಕರಗದ ಎಣ್ಣೆ ಇಂಕಿಂದ ದೊಡ್ಡ ಮಿಷನ್ನಲ್ಲಿ ಒತ್ತೋ ಒಂದೇ ಬಣ್ಣದ ಆಫ್‌ಸೆಟ್ಟಲ್ಲಿ ಮತ್ತೆ 400 ಹಾಕ್ಸಿದ್ವಿ, ಕವರ್ ಸೇರಿ 14 ರೂಪಾಯಿಗೆ ಒಂದು, ಮೂರೇ ದಿನಕ್ಕೆ ಕೊಟ್ರು. ದೊಡ್ಡಪ್ಪನ ಹೆಸರೂ ಸರಿಯಾಯ್ತು. ಮೊದ್ಲೇ ಅಲ್ಲಿಗೆ ಹೋಗಿದ್ರೆ 5,600ರಲ್ಲಿ ಮುಗೀತಿತ್ತು.

ಇಷ್ಟಾದ್ಮೇಲೆ ಬುದ್ಧಿ ಬರ್ಬೇಕಿತ್ತು ಅಲ್ವಾ. ಬರ್ಲಿಲ್ಲ. ಯಾಕಂದ್ರೆ ಅಷ್ಟೊತ್ತಿಗೆ ಚೀಲ, ಹೂವು ಎಲ್ಲಾ ರೆಡಿಯಾಗಿ ಅಟ್ಟದಲ್ಲಿ ಕೂತಿದ್ವು, ಕಣ್ಣೆದುರು ಇರೋದನ್ನ ಬಿಸಾಕೋಕೆ ಮನಸ್ಸು ಬರಲ್ಲ.

ತಾಂಬೂಲದ ಚೀಲಾನ ಕಂದು ಬಣ್ಣದ ಕ್ರಾಫ್ಟ್ ಪೇಪರಲ್ಲಿ ಮಾಡಿದ್ದೆ, ಅಂಟಿಗೆ ಅಜ್ಜಿ ಕಾಲದ ಮೈದಾ ಅಂಟು, ಕೆಮಿಕಲ್ ಬೇಡ ಅಂತ. ಮಲೆನಾಡಿನ ಅಟ್ಟದಲ್ಲಿ ಮೈದಾ ಅಂಟಿನ ಪೇಪರು ಎರಡು ವಾರ ಇಟ್ರೆ ಏನಾಗುತ್ತೆ ಅಂತ ಊರಲ್ಲಿ ಯಾರನ್ನ ಕೇಳಿದ್ರೂ ಹೇಳ್ತಿದ್ರು, ನಾನು ಕೇಳ್ಬೇಕಿತ್ತಲ್ಲ. ಬೂಷ್ಟು. ಜೊತೆಗೆ ಜಿರಳೆ ಅಂಟಿನ ಗೆರೆ ಗುಂಟ ನೀಟಾಗಿ ತಿಂದಿತ್ತು. ಚೆನ್ನಾಗಿರೋದನ್ನ ಆರಿಸಿ, ಬಿಸಿಲಿಗೆ ಹಾಕಿ, ತಳಕ್ಕೆ ಇನ್ನೊಂದು ಪದರ ಅಂಟಿಸಿ ಒಂದು 250 ಉಳಿಸ್ಕೊಂಡೆ.

ಮದ್ವೆ ದಿನ ಊಟ ಆಗಿ ಜನ ಹೊರಡೋ ಹೊತ್ತು. ಕಾಯಿ ತೊಳೆದು ರಾಶಿ ಹಾಕಿದ್ರು, ಒದ್ದೆ ಕಾಯಿ, ಒದ್ದೆ ವೀಳ್ಯದೆಲೆ, ಎರಡು ಬಾಳೆಹಣ್ಣು, ಬ್ಲೌಸ್ ಪೀಸು ಹಾಕಿ ಕೊಡ್ತಾ ಇದ್ವಿ. ಬೀಗರ ಕಡೆ ಹಿರಿಯರೊಬ್ರು, ವರನ ಸೋದರಮಾವನೇ ಅವರು, ಚೀಲ ತಗೊಂಡು ಕೈ ಮುಗಿದು "ಬರ್ತೀವಮ್ಮ, ಎಲ್ಲಾ ಚೆನ್ನಾಗಾಯ್ತು" ಅಂತ ಹೇಳಿ ಮೆಟ್ಟಿಲು ಇಳೀತಿದ್ರು. ಎರಡನೇ ಮೆಟ್ಟಿಲಿಗೆ ತಳ ಬಿಟ್ಕೊಂಡ್ತು. ಕಾಯಿ ಟಕ್, ಟಕ್, ಟಕ್ ಅಂತ ಒಂದೊಂದೇ ಮೆಟ್ಟಿಲು ಇಳ್ಕೊಂಡು ಹೋಗಿ ಚಪ್ಪಲಿ ರಾಶಿ ಒಳಗೆ ಸೇರ್ಕೊಳ್ತು. ಅವರ ಕೈಯಲ್ಲಿ ಬರೀ ಹಿಡಿ ಮತ್ತೆ ಒಂದಿಷ್ಟು ಕಂದು ಪೇಪರು. ತಾಂಬೂಲದ ಕಾಯಿ ಚಪ್ಪಲಿ ಮಧ್ಯೆ ಬಿದ್ರೆ ಹುಡುಗಿ ಕಡೆಯೋರಿಗೆ ಎಂಥ ಮುಖಭಂಗ ಅಂತ ನಾನು ಬಿಡಿಸಿ ಹೇಳ್ಬೇಕಾಗಿಲ್ಲ. ಅವರು ದೊಡ್ಡ ಮನಸ್ಸು ಮಾಡಿ ನಕ್ರು. ಚಿಕ್ಕಪ್ಪ ಗಾಡಿ ತಗೊಂಡು ಪೇಟೆಗೆ ಓಡಿ ಬಟ್ಟೆ ಚೀಲ ತಂದ್ರು, ಅದು ಬರೋ ತನಕ ಒಂದು ಅರ್ಧ ಗಂಟೆ ಜನ ಸೆರಗಲ್ಲಿ, ಟವಲಲ್ಲಿ ಕಾಯಿ ಕಟ್ಕೊಂಡು ನಿಂತಿದ್ರು.

ಇನ್ನು ಡೆಕೊರೇಶನ್ನು. ಆ ವರ್ಷದ ಮೇ ನೆನಪಿರ್ಬೇಕಲ್ಲ, ಬೆಂಗ್ಳೂರಲ್ಲಿ ರಸ್ತೆ ಎಲ್ಲಾ ಕೆರೆ, ಮುಂಗಾರು ಮಾಮೂಲಿ ಜೂನ್ 1ಕ್ಕೆ ಕೇರಳಕ್ಕೆ ಬರೋದು ಮೇ 24ಕ್ಕೇ ಬಂದ್ಬಿಟ್ಟಿತ್ತು. ನಮ್ಮ ಮದ್ವೆ ಅದಕ್ಕೆ ಸ್ವಲ್ಪ ಮುಂಚೆ, ಆದ್ರೂ ಹಿಂದಿನ ರಾತ್ರಿ ಹೊಡೆದ ಮಳೆ ಏನು ಕಮ್ಮಿ ಇರ್ಲಿಲ್ಲ. ನಾನು ಕ್ರೇಪ್ ಪೇಪರಲ್ಲಿ ದೊಡ್ಡ ದೊಡ್ಡ ಗುಲಾಬಿ, ದಾಸವಾಳ ಎಲ್ಲಾ ಮಾಡಿ ಗ್ಲೂ ಗನ್ನಲ್ಲಿ ಅಂಟಿಸಿದ್ದೆ. ಅವು ಅಟ್ಟ ಸೇರೋಕೆ ಮುಂಚೆ ಬೆಂಗ್ಳೂರಿಂದ ಕಾರ್ ಡಿಕ್ಕೀಲಿ ಹಾಕ್ಕೊಂಡು ಬಂದಾಗ ದಾರೀಲಿ ಊಟಕ್ಕೆ ನಿಲ್ಸಿದ್ವಿ, ಬಿಸಿಲಿಗೆ ಅಂಟು ಮೆತ್ತಗಾಗಿ ಅರ್ಧ ಹೂವು ಆಗ್ಲೇ ಬಿಚ್ಕೊಂಡಿದ್ವು. ಮಿಕ್ಕಿದ್ದನ್ನ ಪ್ರವೇಶದ ಕಮಾನಿಗೆ ಕಟ್ಟಿದ್ವಿ. ಬೆಳಿಗ್ಗೆ ಬಂದು ನೋಡಿದ್ರೆ ಥಂಡಿಗೆ ಎಸಳೆಲ್ಲಾ ಜೋತು ಬಿದ್ದು ಬಸಳೆ ಸೊಪ್ಪಿನ ಥರ ಇತ್ತು. ಅಷ್ಟಕ್ಕೇ ನಿಂತಿದ್ರೆ ಪರ್ವಾಗಿಲ್ಲ. ಇರಚಲು ಬಡಿದು ಬಣ್ಣ ಬಿಟ್ಕೊಳ್ತಾ ಇತ್ತು, ದಿಬ್ಬಣ ಬಂದು ವರನ್ನ ಎದುರುಗೊಳ್ಳೋವಾಗ ಅವರು ಸರಿಯಾಗಿ ಕಮಾನಿನ ಕೆಳಗೆ ನಿಂತ್ರು, ಬಿಳೀ ಶಲ್ಯದ ಮೇಲೆ ಟಪ್ ಟಪ್ ಅಂತ ಗುಲಾಬಿ ಹನಿ. ವೀಡಿಯೋದಲ್ಲಿ ಇದೆ, ಭಾವ ಈಗ್ಲೂ ಮನೆಗೆ ಬಂದೋರಿಗೆಲ್ಲಾ ಅದನ್ನೇ ತೋರಿಸೋದು.

ಮಂಟಪದ ಹಿಂದೆ ಪೇಪರ್ ಬೀಸಣಿಗೆಗಳ ಬ್ಯಾಕ್‌ಡ್ರಾಪ್ ಹಾಕಿದ್ದೆ. ಭಟ್ರು ಹೋಮಕುಂಡ ಇಡೋಕೆ ಬಂದೋರು ಒಂದ್ಸಲ ಅದನ್ನ ನೋಡಿದ್ರು, ಒಂದ್ಸಲ ನನ್ನ ನೋಡಿದ್ರು. "ತಂಗೀ, ತುಪ್ಪ ಹಾಕಿದ್ರೆ ಜ್ವಾಲೆ ಎಲ್ಲಿ ತನಕ ಏಳುತ್ತೆ ಗೊತ್ತುಂಟಾ? ಇದನ್ನ ತೆಗೆಸಿದ್ರೆ ನಾನು ಕೂತ್ಕೋತೀನಿ." ತೆಗೆಸಿದ್ವಿ. ತಮಾಷೆ ಅಲ್ಲ, ಇದೊಂದನ್ನ ದಯವಿಟ್ಟು ಸೀರಿಯಸ್ಸಾಗಿ ತಗೊಳ್ಳಿ, ಹೋಮ ಇರೋ ಕಡೆ, ದೀಪದ ಕಂಬದ ಹತ್ರ ಕ್ರೇಪು, ಟಿಶ್ಯೂ ಪೇಪರು ಇಡ್ಲೇಬೇಡಿ, ಒಂದು ಕಿಡಿ ಸಾಕು. ತೆಗೆಯೋವಾಗ ಡಬಲ್ ಟೇಪಿನ ಜೊತೆ ಗೋಡೆ ಬಣ್ಣಾನೂ ಸಿಪ್ಪೆ ಥರ ಎದ್ದು ಬಂತು, ಛತ್ರದವರು ಅಡ್ವಾನ್ಸಲ್ಲಿ 3,500 ಹಿಡ್ಕೊಂಡ್ರು. ಗೋಡೆಗೆ ಟೇಪ್ ಹಾಕ್ಬಾರ್ದು ಅಂತ ರಸೀದಿ ಹಿಂದೆ ಬರೆದಿತ್ತಂತೆ. ರಸೀದಿ ಹಿಂದೆ ಯಾರು ಓದ್ತಾರೆ.

ಖಾಲಿಯಾದ ಮಂಟಪಕ್ಕೆ ಮಾವ ತೋಟಕ್ಕೆ ಹೋಗಿ ಅಡಿಕೆ ಸಿಂಗಾರ, ಬಾಳೆಕಂಬ, ಮಾವಿನೆಲೆ ತಂದು ಮುಕ್ಕಾಲು ಗಂಟೇಲಿ ಕಟ್ಟಿದ್ರು. ಫೋಟೋದಲ್ಲಿ ಚೆನ್ನಾಗಿ ಬಂದಿರೋದು ಅದೊಂದೇ. ಮತ್ತೆ ಬಾಸಿಂಗ, ಅದನ್ನ ನಮ್ಮ ಕಡೆ ಕುಶಲ ಕೆಲಸದ ಗುಡಿಗಾರರ ಹತ್ರ ಬೆಂಡಿಂದೇ (ನೀರಲ್ಲಿ ಬೆಳೆಯೋ ಗಿಡದ ಹಗುರ ತಿರುಳು) ಮಾಡ್ಸಿದ್ವಿ, ಅಮ್ಮ ಹಟ ಹಿಡಿದಿದ್ದಕ್ಕೆ. ನಾನು ಅದನ್ನೂ ಪೇಪರಲ್ಲಿ ಕತ್ತರಿಸಿ ಕೊಡ್ತೀನಿ ಅಂದಿದ್ದೆ! ಆ ಥಂಡೀಲೂ ಬೆಂಡಿನ ಒಂದು ಎಸಳು ಬಾಗಿರ್ಲಿಲ್ಲ.

ಇಷ್ಟಾದ್ರೂ ಕಾರ್ಡು ನಾನೇ ಮಾಡ್ತೀನಿ ಅನ್ನೋರು ಡಿಸೈನ್ ಮಾತ್ರ ಮಾಡಿ, ಅಕ್ಷರ ಎಲ್ಲಾ ಕರ್ವ್ ಮಾಡಿ, ಅಂದ್ರೆ ಅಕ್ಷರಾನ ಚಿತ್ರದ ಗೆರೆಯಾಗಿ ಬದಲಾಯ್ಸಿ ಪ್ರೆಸ್ಸಿಗೆ ಕೊಡಿ, ಒತ್ತು ಒಡೆಯಲ್ಲ. ಕೊಡೋಕೆ ಮುಂಚೆ ಮನೇಲಿ ಹಿರಿಯರಿಗೆ ಪೇಪರ್ ಮೇಲೆ ಓದೋಕೆ ಕೊಡಿ, ಮೊಬೈಲಲ್ಲಿ ತೋರಿಸಿದ್ರೆ ಅವರು "ಹ್ಞೂಂ ಚೆನ್ನಾಗಿದೆ" ಅಂದ್ಬಿಡ್ತಾರೆ. ಮೊದಲನೇ ಕಾರ್ಡು ಬಂದ ತಕ್ಷಣ ಒದ್ದೆ ಅರಿಶಿನ ಹಚ್ಚಿ ರಾತ್ರಿ ಇಟ್ಟು ಬೆಳಿಗ್ಗೆ ನೋಡಿ, ಮಿಕ್ಕಿದ್ದು ಆಮೇಲೆ. ದಪ್ಪ ಹಾಳೆ ಮಡಿಚೋಕೆ ಮುಂಚೆ ಕ್ರೀಸಿಂಗ್ ಹಾಕ್ಸಿ, ಅಂದ್ರೆ ಮಡಿಚೋ ಕಡೆ ಗೆರೆ ಒತ್ತಿಸಿ, ಇಲ್ಲಾಂದ್ರೆ ಮಡಿಕೆ ಮೇಲೆ ಬಣ್ಣ ಬಿರುಕು ಬಿಡುತ್ತೆ. ಚೀಲ ಮಾತ್ರ ಬಟ್ಟೇದೇ ತಗೊಳ್ಳಿ, ಅದರಲ್ಲಿ ವಾದ ಬೇಡ.

ಪೇಪರು, ಇಂಕು, ಸರ್ವೀಸು, ಕ್ರೇಪು, ಆಮೇಲೆ ಮತ್ತೆ ಹಾಕ್ಸಿದ ಕಾರ್ಡು, ಬಟ್ಟೆ ಚೀಲ, ಗೋಡೆ ಬಣ್ಣ ಎಲ್ಲಾ ಸೇರಿ 26 ಸಾವಿರದ ಮೇಲೆ ಹೋಯ್ತು, 12,800 ಉಳಿಸೋಕೆ ಹೋಗಿ. ಲೆಕ್ಕ ಅಪ್ಪನಿಗೆ ಪೂರ್ತಿ ಹೇಳಿಲ್ಲ, ಇದನ್ನ ಓದಿದ್ರೆ ಗೊತ್ತಾಗುತ್ತೆ ಅಷ್ಟೆ.

ಅಂದಹಾಗೆ ಕ್ರೇಪ್ ಪೇಪರ್ ಇನ್ನೂ ಒಂದು ಚೀಲ ಉಳಿದಿದೆ, ಗುಲಾಬಿ ಮತ್ತೆ ಕೆಂಪು. ಮಕ್ಕಳ ಸ್ಕೂಲ್ ಪ್ರಾಜೆಕ್ಟಿಗೆ ಬೇಕಿದ್ರೆ ಹೇಳಿ, ಸುಮ್ನೆ ಕೊಡ್ತೀನಿ, ಬಿಳೀ ಯೂನಿಫಾರ್ಮ್ ಹಾಕೋ ದಿನ ಮಾತ್ರ ಕಳಿಸ್ಬೇಡಿ.