ಒಂದೇ ದ್ವೀಪ, ನಾಲ್ಕು ಥರದ ಬಣ್ಣ

ಇಲ್ಲದ ನಾಡುಗಳ ನಕ್ಷೆ ಬರೆಯುವ ಹುಚ್ಚು ನನಗೆ ಹಳೆಯದು. ಗೆರೆ ಎಳೆಯುವವರೆಗೆ ಎಲ್ಲ ಚೆನ್ನಾಗಿರುತ್ತದೆ. ಕೆಡುವುದು ಬಣ್ಣಕ್ಕೆ ಕೈ ಹಾಕಿದಾಗ. ಅದಕ್ಕೇ ಈ ಸಲ ಒಂದೇ ದ್ವೀಪವನ್ನು ಬರೆದು ನಾಲ್ಕು ಪ್ರತಿ ಮಾಡಿಕೊಂಡೆ. ಒಂದಕ್ಕೆ ವಾಟರ್ ಕಲರ್, ಒಂದಕ್ಕೆ ಬಣ್ಣದ ಪೆನ್ಸಿಲ್, ಒಂದಕ್ಕೆ ಆಲ್ಕೋಹಾಲ್ ಮಾರ್ಕರ್, ಇನ್ನೊಂದು ಕಂಪ್ಯೂಟರಿಗೆ. ದ್ವೀಪದ ಹೆಸರು ಮುಳುಗೂರು. ಒಂದು ಬೆಟ್ಟಸಾಲು, ನಾಲ್ಕಾರು ಹೊಳೆ, ನಡುವೆ ಒಂದು ಸರೋವರ, ಒಬ್ಬರಿಗೊಬ್ಬರು ಆಗದ ಏಳು ಜನ ರಾಜರು.

ಪ್ರತಿ ಮಾಡುವಾಗಲೇ ಮೊದಲ ಪಾಠ ಆಯಿತು. ಇಂಕ್‌ಜೆಟ್ ಪ್ರಿಂಟರಿನ ಗೆರೆಗೆ ನೀರು ತಾಗಿದರೆ ಸಾಮಾನ್ಯವಾಗಿ ಕದಡುತ್ತದೆ. ಜೆರಾಕ್ಸಿನ ಟೋನರ್ ಹಾಗಲ್ಲ. ಅದು ಬಿಸಿಗೆ ಕರಗಿ ಕಾಗದಕ್ಕೆ ಅಂಟಿಕೊಂಡ ಪ್ಲಾಸ್ಟಿಕ್ ಪುಡಿ, ನೀರಿಗೆ ಜಗ್ಗುವುದಿಲ್ಲ. ಸರಿ ಅಂತ ವಾಟರ್ ಕಲರಿನ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಕಾಗದವನ್ನೇ ಯಂತ್ರಕ್ಕೆ ತುರುಕಿದೆ. ಒಳಗೆ ಸಿಕ್ಕಿಹಾಕಿಕೊಂಡಿತು. ಕೊನೆಗೆ ಆ ಒಂದು ಪ್ರತಿಯನ್ನು ಕಿಟಕಿ ಗಾಜಿಗೆ ಒತ್ತಿ ಹಿಡಿದು, ನೀರಿಗೆ ಕದಡದ ಪಿಗ್ಮೆಂಟ್ ಇಂಕಿನ ಪೆನ್ನಿನಲ್ಲಿ ಕೈಯಿಂದಲೇ ತೆಗೆದೆ.

ಸಮುದ್ರದ ವಿಷಯದಲ್ಲಿ ವಾಟರ್ ಕಲರಿಗೆ ಎದುರಾಳಿಯೇ ಇಲ್ಲ. ಕಾಗದವನ್ನು ಮೊದಲು ಬರೀ ನೀರಿನಿಂದ ಒದ್ದೆ ಮಾಡಿ, ಕರಾವಳಿಯ ಅಂಚಿಗೆ ಗಾಢ ನೀಲಿ ಮುಟ್ಟಿಸಿದರೆ ಅದು ತಾನೇ ಹೊರಗೆ ತೆಳುವಾಗುತ್ತಾ ಹೋಗುತ್ತದೆ. ಅಲ್ಟ್ರಾಮರೀನ್ ನೀಲಿಗೆ ಇನ್ನೊಂದು ಗುಣ ಇದೆ. ಅದರ ಕಣಗಳು ಕಾಗದದ ತಗ್ಗುಗಳಲ್ಲಿ ಇಳಿದು ಕೂರುತ್ತವೆ. ಒಣಗಿದ ಮೇಲೆ ಸಣ್ಣ ಅಲೆಗಳ ಹಾಗೆ ಕಾಣುತ್ತದೆ, ನಾವೇನೂ ಮಾಡದೆಯೇ! ಕೋಲ್ಡ್ ಪ್ರೆಸ್ ಎನ್ನುವ ತರಿತರಿ ಕಾಗದದಲ್ಲಿ ಇದು ಜಾಸ್ತಿ ಎದ್ದು ಕಾಣುತ್ತದೆ. ಆದರೆ ಅದೇ ತರಿಯ ಮೇಲೆ ಊರಿನ ಹೆಸರು ಬರೆಯಲು ಹೋದರೆ ಪೆನ್ನು ತಡವರಿಸುತ್ತದೆ. ನುಣುಪಾದ ಹಾಟ್ ಪ್ರೆಸ್ ತೆಗೆದುಕೊಂಡರೆ ಅಕ್ಷರ ಚಂದ, ಅಲೆ ಸಪ್ಪೆ. ನನ್ನ ಮಟ್ಟಿಗೆ ಅಲೆಯೇ ಇರಲಿ.

ಅರ್ಧ ಒಣಗಿದ ಬಣ್ಣದ ಮೇಲೆ ಒಂದು ಹನಿ ನೀರು ಬಿದ್ದರೆ ಹೂಕೋಸಿನ ಹಾಗೆ ಅಂಚು ಸುಕ್ಕಿದ ಕಲೆ ಆಗುತ್ತದೆ. ನನಗೂ ಆಯಿತು, ತೆಂಕಣ ಕಡಲಿನಲ್ಲಿ. ಉಜ್ಜಿ ತೆಗೆಯಲು ಹೋಗಬೇಡಿ, ಕಾಗದದ ಸಿಪ್ಪೆ ಏಳುತ್ತದೆ. ನಾನು ಸುಮ್ನೆ ಅದರ ಸುತ್ತ ಚುಕ್ಕಿ ಇಟ್ಟು ಹವಳದ ದಿಬ್ಬ ಮಾಡಿಬಿಟ್ಟೆ.

ನೆಲಕ್ಕೆ ಬಂದರೆ ಮಾತೇ ಬೇರೆ. ಇಲ್ಲಿ ಪೆನ್ಸಿಲ್ ಗೆದ್ದಿತು. ಬೆಟ್ಟಕ್ಕೆ ನೆರಳು ಕೊಡುವ ಕೆಲಸ ಬೆರಳ ತುದಿಯದ್ದು. ಬೆಳಕು ಎಡ ಮೇಲಿನ ಮೂಲೆಯಿಂದ ಬೀಳುತ್ತಿದೆ ಎಂದುಕೊಂಡು ಬಲ ಕೆಳಗಿನ ಮಗ್ಗುಲಿಗೆ ನೆರಳು ತುಂಬುವುದು ನಕ್ಷೆಗಾರರ ರೂಢಿ. ಇದನ್ನು ತಲೆಕೆಳಗು ಮಾಡಿದರೆ ತುಂಬ ಜನರ ಕಣ್ಣಿಗೆ ಬೆಟ್ಟ ಕಣಿವೆಯಾಗಿ, ಕಣಿವೆ ಬೆಟ್ಟವಾಗಿ ಕಾಣುತ್ತದೆ. ನಂಬಿಕೆ ಬರದಿದ್ದರೆ ರೂಢಿಯಂತೆ ನೆರಳು ಕೊಟ್ಟ ನಕ್ಷೆಯೊಂದನ್ನು ತಲೆಕೆಳಗಾಗಿ ತಿರುಗಿಸಿ ಹಿಡಿದು ನೋಡಿ. ಪೆನ್ಸಿಲ್‌ನಲ್ಲಿ ಒಂದರ ಮೇಲೊಂದು ತೆಳು ಪದರ ಹಾಕುತ್ತಾ ಹೋಗಬಹುದು. ತಗ್ಗಿಗೆ ಹಸಿರು, ಮೇಲೇರಿದಂತೆ ಹಳದಿ, ಆಮೇಲೆ ಕಂದು. ಎಲ್ಲೂ ಅವಸರ ಇಲ್ಲ. ವಾಟರ್ ಕಲರ್ ಒಣಗುವುದಕ್ಕೆ ಮೊದಲು ಓಡಬೇಕು, ಪೆನ್ಸಿಲ್ ನಮಗಾಗಿ ಕಾಯುತ್ತದೆ.

ಕಾಯುವುದೂ ಸ್ವಲ್ಪ ಅತಿಯೇ. ಸಮುದ್ರವನ್ನೂ ಪೆನ್ಸಿಲ್‌ನಲ್ಲೇ ತುಂಬಲು ಹೋಗಿ ಮೂರು ಸಂಜೆ ಕಳೆದೆ. ಆದರೂ ಕೈ ಆಡಿದ ಗೀಟುಗಳು ಹಾಗೇ ಉಳಿದವು. ಮೇಣ ಜಾಸ್ತಿ ಇರುವ ಪೆನ್ಸಿಲ್ ಆದರೆ ಒತ್ತಿ ತುಂಬಿದ ಕಡೆ ಕೆಲವು ದಿನಗಳಲ್ಲಿ ಬಿಳಿ ಪೊರೆ ಏಳುತ್ತದೆ. ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಎಣ್ಣೆ ಬೆರೆತ ಬಣ್ಣದ ಪೆನ್ಸಿಲ್‌ಗಳಲ್ಲಿ ಈ ಕಾಟ ಅಷ್ಟಿಲ್ಲ.

ಮಾರ್ಕರ್ ಬಗ್ಗೆ ಹೇಳುವುದು ಕಡಿಮೆ. ಟೋನರ್ ಗೆರೆಯನ್ನು ಅದು ಕದಡಲಿಲ್ಲ, ಅದು ಮೆಚ್ಚುಗೆಯ ವಿಷಯ. ಆದರೆ ಗೆರೆಯ ಹತ್ತಿರ ಹೋದರೆ ಸಾಕು, ಬಣ್ಣ ಪಕ್ಕದ ರಾಜ್ಯಕ್ಕೆ ನುಗ್ಗುತ್ತದೆ. ಗೆರೆಗಿಂತ ಕೂದಲೆಳೆ ಹಿಂದೆಯೇ ನಿಲ್ಲಿಸಬೇಕು. ಕಾಗದದ ಹಿಂಬದಿಗೂ ಇಳಿಯುತ್ತದೆ, ಅಡಿಯಲ್ಲಿ ಇನ್ನೊಂದು ಹಾಳೆ ಇಡದೆ ನನ್ನ ಮೇಜಿನ ಮೇಲೂ ಒಂದು ರಾಜ್ಯ ಆಯಿತು. ಬಿಸಿಲಿಗೆ ಬಣ್ಣ ಮಾಸುತ್ತದೆ, ಗೋಡೆಗೆ ಹಾಕುವವರು ಯೋಚಿಸಬೇಕು.

ಮಾರ್ಕರ್ ಒದಗುವುದು ರಾಜ್ಯಗಳನ್ನು ಬೇರೆ ಬೇರೆ ಮಾಡಿ ತೋರಿಸುವಾಗ, ಒಂದೇ ಸಮನಾದ ಚಪ್ಪಟೆ ಬಣ್ಣ ಬೇಕಾದಾಗ. ಏಳು ರಾಜ್ಯಕ್ಕೆ ಏಳು ಮಾರ್ಕರ್ ಬೇಕಿಲ್ಲ. ಅಕ್ಕಪಕ್ಕದವು ಒಂದೇ ಬಣ್ಣ ಆಗದ ಹಾಗೆ ಎಂಥ ನಕ್ಷೆಯನ್ನಾದರೂ ನಾಲ್ಕು ಬಣ್ಣದಲ್ಲಿ ತುಂಬಬಹುದು. 1852ರಲ್ಲಿ ಫ್ರಾನ್ಸಿಸ್ ಗತ್ರಿ ಇಂಗ್ಲೆಂಡಿನ ಕೌಂಟಿಗಳ (ನಮ್ಮ ಜಿಲ್ಲೆಗಳಂಥವು) ನಕ್ಷೆಗೆ ಬಣ್ಣ ಹಾಕುವಾಗ ಎದ್ದ ಪ್ರಶ್ನೆ ಇದು. ನಾಲ್ಕು ಸಾಕು ಎಂದು 1976ರಲ್ಲಿ ಗಣಿತಜ್ಞರಾದ ಆಪೆಲ್ ಮತ್ತು ಹಾಕೆನ್ ಕಂಪ್ಯೂಟರ್ ನೆರವಿನಿಂದ ಸಾಧಿಸಿದರು. ಒಂದು ಷರತ್ತು ಇದೆ. ಪ್ರತಿ ರಾಜ್ಯವೂ ಒಂದೇ ತುಂಡಾಗಿರಬೇಕು. ನನ್ನ ಒಬ್ಬ ರಾಜ ಪಕ್ಕದವನ ನಡುಮನೆಯಲ್ಲಿ ಒಂದು ಕೋಟೆ ಇಟ್ಟುಕೊಂಡಿದ್ದಾನೆ. ಅವನಿಂದಾಗಿ ಐದನೆಯ ಮಾರ್ಕರ್ ತೆಗೆಯಬೇಕಾಯಿತು.

ಕಂಪ್ಯೂಟರಿನಲ್ಲಿ ಕ್ರಿಟಾ ಎನ್ನುವ ಚಿತ್ರ ಬಿಡಿಸುವ ತಂತ್ರಾಂಶ ಬಳಸಿದೆ, ಉಚಿತ. ಗೆರೆಯ ಲೇಯರನ್ನು, ಅಂದರೆ ಪದರವನ್ನು, ಮೇಲಿಟ್ಟು ಮಲ್ಟಿಪ್ಲೈ ಎನ್ನುವ ಬೆರಕೆಯ ಆಯ್ಕೆ ಕೊಟ್ಟರೆ ಬಿಳಿ ಮಾಯವಾಗಿ ಗೆರೆ ಮಾತ್ರ ಉಳಿಯುತ್ತದೆ, ಕೆಳಗೆ ಏನು ಬೇಕಾದರೂ ಬಳಿಯಬಹುದು. ಹೆಸರುಗಳನ್ನು ಹತ್ತು ಸಲ ಸರಿಸಬಹುದು. ಮುದ್ರೆ ಒತ್ತಿದ ಹಾಗೆ ಬೆಟ್ಟ, ಮರ ಇಡುವ ಇಂಕಾರ್ನೇಟ್, ವಂಡರ್‌ಡ್ರಾಫ್ಟ್ ಥರದವನ್ನೂ ಮುಟ್ಟಿ ನೋಡಿದೆ. ಬೇಗ ಆಗುತ್ತದೆ, ನಿಜ. ಆದರೆ ನನ್ನ ಬೆಟ್ಟವೂ ಬೇರೆಯವರ ಬೆಟ್ಟವೂ ಅವಳಿ ಮಕ್ಕಳು. ಕ್ರಿಟಾದಲ್ಲಿ ಅದಿಲ್ಲ, ಬೇರೆ ತೊಂದರೆ. ಎಲ್ಲವನ್ನೂ ತಿದ್ದಬಹುದು ಎಂದಾದ ಮೇಲೆ ನಾನು ತಿದ್ದುತ್ತಲೇ ಇದ್ದೇನೆ. ನಾಲ್ಕರಲ್ಲಿ ಇನ್ನೂ ಮುಗಿಯದ್ದು ಅದೊಂದೇ.

ಹಾಗಾಗಿ ಈಗ ನನ್ನ ರೂಢಿ ಹೀಗಿದೆ. ನಾಡು ಇನ್ನೂ ರೂಪ ತಳೆಯುತ್ತಿರುವಾಗ ಕಂಪ್ಯೂಟರ್. ಗಟ್ಟಿಯಾದ ಮೇಲೆ ಕಾಗದ. ಮೊದಲು ವಾಟರ್ ಕಲರಿನ ಕಡಲು, ಪೂರ್ತಿ ಒಣಗಿದ ಮೇಲೆ ಪೆನ್ಸಿಲ್‌ನ ನೆಲ. ಉಲ್ಟಾ ಮಾಡಿದರೆ ಪೆನ್ಸಿಲ್ ಮೇಣ ನೀರನ್ನು ದೂರ ತಳ್ಳುತ್ತದೆ.

ಒಂದು ತಪ್ಪು ಮಾತ್ರ ಎಲ್ಲ ಮುಗಿಯುವ ಹೊತ್ತಿಗೆ ಕಣ್ಣಿಗೆ ಬಿತ್ತು. ನನ್ನ ಸರೋವರದಿಂದ ಎರಡು ಹೊಳೆ ಹೊರಡುತ್ತವೆ. ನೀರು ಎಲ್ಲಕ್ಕಿಂತ ತಗ್ಗಾದ ಅಂಚನ್ನು ಹುಡುಕಿ ಅದನ್ನೇ ಕೊರೆಯುವುದರಿಂದ ಸರೋವರಕ್ಕೆ ಸಾಮಾನ್ಯವಾಗಿ ಒಂದೇ ಬಾಯಿ ಇರುತ್ತದೆ, ಅಲ್ವಾ? ಕ್ರಿಟಾದಲ್ಲಿ ಎರಡೇ ನಿಮಿಷಕ್ಕೆ ಅಳಿಸಿದೆ. ಪೆನ್ಸಿಲ್, ಮಾರ್ಕರ್ ಪ್ರತಿಗಳು ಡ್ರಾಯರಿನಲ್ಲಿವೆ, ಯಾರೂ ನೋಡುವುದಿಲ್ಲ. ಗೋಡೆಗೆ ಹಾಕಿರುವ ವಾಟರ್ ಕಲರ್ ಪ್ರತಿಯಲ್ಲಿ ಎರಡನೆಯ ಹೊಳೆಯನ್ನು ಈಗ ಕಾಲುವೆ ಎಂದು ಕರೆಯುತ್ತಿದ್ದೇನೆ. ಏಳು ರಾಜರಲ್ಲಿ ಅದನ್ನು ಅಗೆಸಿದವನು ಯಾರು ಅಂತ ಇನ್ನೂ ತೀರ್ಮಾನ ಆಗಿಲ್ಲ.